ಪಕ್ಕದ ಸೀಟಿನವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಹಪ್ರಯಾಣಿಕರೇ,

ವಿಮಾನದಲ್ಲಿ ನನ್ನ ಪಕ್ಕ ಕೂತು ಬಂದವರಿಗೆ, ಇನ್ನು ಮುಂದೆ ಕೂರಬೇಕಾದವರಿಗೆ, ನಾನು ಸೀಟ್ ನಂಬರ್ ಹುಡುಕುತ್ತ ಬರುವಾಗ ‘ದೇವರೇ, ನನ್ನ ಸಾಲಿಗೆ ಬೇಡಪ್ಪ’ ಎಂದು ಮನಸ್ಸಿನಲ್ಲೇ ಹರಕೆ ಹೊತ್ತವರಿಗೆ ಈ ಪತ್ರ. ವಿಮಾನ ಸಂಸ್ಥೆಗಳಿಗೇ ಬರೆಯಬಹುದಿತ್ತು. ಅವರ ಗ್ರಾಹಕ ಸೇವೆಯವರ ಉತ್ತರ ನನಗೆ ಬಾಯಿಪಾಠವಾಗಿದೆ. ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಕೆಲಸದ ಮೇಲೆ ಆಗಾಗ ವಿಮಾನ ಹತ್ತುತ್ತೇನೆ, ರಜೆ ಸಿಕ್ಕಾಗ ಬೆಂಗಳೂರಿಗೆ ಬರುತ್ತೇನೆ. ದಪ್ಪ ಇದ್ದೇನೆ. ಊರಿನ ಮದುವೆಮನೆಯಲ್ಲಿ ‘ಅಮೆರಿಕದ ನೀರು ಚೆನ್ನಾಗಿ ಹಿಡಿಸಿದೆ’ ಎಂದು ನಕ್ಕು ಬಿಡುವಷ್ಟು ದಪ್ಪವಲ್ಲ. ಸೀಟ್ ಬೆಲ್ಟ್ ಸಾಲದೆ ಎಕ್ಸ್‌ಟೆನ್ಶನ್ ಕೇಳಿ ಪಡೆಯಬೇಕಾದಷ್ಟು. ಯಾಕೆ ದಪ್ಪ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಥೈರಾಯ್ಡ್ ಎಂದರೆ ಅಯ್ಯೋ ಪಾಪ ಅನ್ನುತ್ತೀರಿ, ಊಟ ಎಂದರೆ ಮುಖ ತಿರುಗಿಸುತ್ತೀರಿ. ಕಾರಣ ಯಾವುದಾದರೂ ನನ್ನ ಸೊಂಟದ ಅಳತೆ ಅಷ್ಟೇ, ಸೀಟಿನ ಅಳತೆಯೂ ಅಷ್ಟೇ.

ಮೊದಲು ನಿಮ್ಮ ಪರವಾಗಿ ಒಂದು ಮಾತು. ನೀವು ದುಡ್ಡು ಕೊಟ್ಟದ್ದು ಇಡೀ ಸೀಟಿಗೆ. ಅದರ ಒಂದು ಪಾಲು ನನ್ನ ತೋಳಿನ ಕೆಳಗೆ ಹೋದರೆ ಸಿಟ್ಟು ಬರುವುದು ಸಹಜ. ನಾಲ್ಕು ತಾಸು ಒಂದೇ ಪಕ್ಕಕ್ಕೆ ವಾಲಿ ಕೂತರೆ ಬೆನ್ನು ಹಿಡಿದುಕೊಳ್ಳುತ್ತದೆ, ಅದೇನೂ ನಾಟಕವಲ್ಲ. 2002ರಲ್ಲಿ ವರ್ಜಿನ್ ಅಟ್ಲಾಂಟಿಕ್ ಸಂಸ್ಥೆ ಬ್ರಿಟನ್ನಿನ ಮಹಿಳೆಯೊಬ್ಬರಿಗೆ 13,000 ಪೌಂಡ್ ಪರಿಹಾರ ಕೊಟ್ಟಿತು. ಲಂಡನ್ನಿನಿಂದ ಲಾಸ್ ಏಂಜಲೀಸ್‌ಗೆ ಹೋಗುವಾಗ ತುಂಬಾ ದಪ್ಪಗಿದ್ದ ಪ್ರಯಾಣಿಕರೊಬ್ಬರ ಪಕ್ಕ ಅದುಮಿಕೊಂಡು ಕೂತು ಆಕೆಗೆ ಪೆಟ್ಟಾಗಿತ್ತು. ಈ ಪ್ರಕರಣವನ್ನು ನೆನಪಿಸುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ದುಡ್ಡು ಕೊಟ್ಟದ್ದು ದಪ್ಪಗಿದ್ದವರಲ್ಲ, ಸೀಟು ಮಾರಿದವರು.

ನಿಮ್ಮ ಕಡೆಯಿಂದ ಕಾಣದ ಕೆಲವು ವಿಷಯಗಳಿವೆ. ಕಿಟಕಿ ಪಕ್ಕದ ಸೀಟನ್ನು ನಾನು ಆರಿಸುವುದು ಮೋಡ ನೋಡುವುದಕ್ಕಲ್ಲ. ಒಂದು ಭುಜವನ್ನಾದರೂ ಗೋಡೆಗೆ ಒತ್ತಿ ಹಿಡಿಯಬಹುದು ಎಂದು. ಇನ್ನೊಂದು ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಕೂತರೆ ಇಳಿಯುವ ಹೊತ್ತಿಗೆ ಅದು ಜೋಮು ಹಿಡಿದಿರುತ್ತದೆ. ಊಟದ ಟ್ರೇ ನನ್ನ ಹೊಟ್ಟೆಗೆ ತಾಗಿ ಓರೆಯಾಗಿ ನಿಲ್ಲುತ್ತದೆ, ಹಾಗಾಗಿ ಹಸಿವಿಲ್ಲ ಎಂದು ಹೇಳಿಬಿಡುತ್ತೇನೆ. ಎದ್ದರೆ ನೀವಿಬ್ಬರೂ ಏಳಬೇಕಲ್ಲ, ಅದಕ್ಕೆ ಮನೆಯಿಂದ ಹೊರಡುವಾಗಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತೇನೆ. ಇನ್ನು ಬೆಲ್ಟಿನ ಎಕ್ಸ್‌ಟೆನ್ಶನ್. ಕೆಲವು ಗಗನಸಖಿಯರು ಅದನ್ನು ಮುಷ್ಟಿಯಲ್ಲಿ ಮಡಚಿ ತಂದು, ಮಾತಿಲ್ಲದೆ ಕೈಗಿಟ್ಟು ಹೋಗುತ್ತಾರೆ. ಅವರ ಹೊಟ್ಟೆ ತಣ್ಣಗಿರಲಿ. ಇನ್ನು ಕೆಲವರು ಮುಂದಿನ ಬಾಗಿಲಿನಿಂದಲೇ ಎತ್ತಿ ಹಿಡಿದು ‘ಯಾರಿಗೆ ಬೇಕಿತ್ತು?’ ಎಂದು ಕೂಗುತ್ತಾರೆ. ಸ್ವಂತದ್ದೊಂದು ಕೊಂಡಿಟ್ಟುಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಅದನ್ನು ಒಪ್ಪುವುದಿಲ್ಲ. ವಿಮಾನದ ಇತರ ಭಾಗಗಳಂತೆ ತಪಾಸಣೆಯಾದ, ವಿಮಾನ ಸಂಸ್ಥೆಯದ್ದೇ ಆದ ಬೆಲ್ಟ್ ಬೇಕು. ಆದ್ದರಿಂದ ಕೇಳಲೇಬೇಕು.

ಈಗ ಅಳತೆಯ ವಿಷಯ. ಬೋಯಿಂಗ್ 737ರಲ್ಲಿ ಸಾಲಿಗೆ ಆರು ಸೀಟು, ಒಂದೊಂದರ ಅಗಲ ಸುಮಾರು 17 ಇಂಚು. ಆ ವಿಮಾನದ ಒಡಲಿನ ಅಗಲ 1950ರ ದಶಕದ ಬೋಯಿಂಗ್ 707ರಿಂದ ಬಂದದ್ದು. 1960ರ ದಶಕದ ಮೊದಲಲ್ಲಿ ಅಮೆರಿಕದ ಗಂಡಸಿನ ಸರಾಸರಿ ತೂಕ 75 ಕಿಲೊ ಇತ್ತು, ಈಗ 90ರ ಆಸುಪಾಸು. ಜನ ಬದಲಾದರು, ಕೊಳವೆ ಬದಲಾಗಲಿಲ್ಲ. ನಮ್ಮ ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ 320ರ ಒಡಲು ತುಸು ಅಗಲ, ಅಲ್ಲಿ ಸೀಟಿಗೆ 18 ಇಂಚು ಸಿಗುತ್ತದೆ. ಒಂದು ಇಂಚು ಯಾವ ಲೆಕ್ಕ ಎನ್ನುತ್ತೀರೇನೋ. ಆರ್ಮ್‌ರೆಸ್ಟ್ ಪೂರ್ತಿ ಕೆಳಗಿಳಿಯುವುದಕ್ಕೂ ಅರ್ಧಕ್ಕೆ ನಿಲ್ಲುವುದಕ್ಕೂ ನನ್ನ ಪಾಲಿಗೆ ಆ ಒಂದು ಇಂಚೇ ವ್ಯತ್ಯಾಸ.

ಹಳೆಯ ಅಚ್ಚು, ಏನು ಮಾಡಲಾದೀತು ಎಂದು 737ನ್ನು ಕ್ಷಮಿಸಬಹುದು. ನಾವು ಊರಿಗೆ ಬರುವ ದೊಡ್ಡ ವಿಮಾನಗಳಲ್ಲಿ ಆ ಸಮಜಾಯಿಷಿ ನಡೆಯುವುದಿಲ್ಲ. ಬೋಯಿಂಗ್ 777ರಲ್ಲಿ ಸಾಲಿಗೆ ಒಂಬತ್ತು ಸೀಟು ಹಾಕಿದರೆ ಒಬ್ಬೊಬ್ಬರಿಗೆ 18 ಇಂಚಿಗಿಂತ ಹೆಚ್ಚು ಸಿಗುತ್ತದೆ. ಅದೇ ಒಡಲಿಗೆ ಹತ್ತನೆಯದನ್ನು ತುರುಕಿದರೆ 17. ಇಂದು ಬಹುತೇಕ ಸಂಸ್ಥೆಗಳಲ್ಲಿ ಹತ್ತೇ ಇರುವುದು. 787ನ್ನು ಸಾಲಿಗೆ ಎಂಟರ ಲೆಕ್ಕದಲ್ಲಿ ತೋರಿಸಿ ಮಾರಾಟ ಶುರು ಮಾಡಿದರು. ಕೊಂಡವರು ಒಂಬತ್ತು ಹಾಕಿಕೊಂಡರು. ಎಂಟನ್ನೇ ಉಳಿಸಿಕೊಂಡ ಜಪಾನ್ ಏರ್‌ಲೈನ್ಸ್ ಅಪರೂಪದ ಉದಾಹರಣೆ. ದೂರದ ಪ್ರಯಾಣಕ್ಕೆ ಕನಿಷ್ಠ 18 ಇಂಚಿನ ಸೀಟು ಇರಬೇಕೆಂದು 2013ರಲ್ಲಿ ಏರ್‌ಬಸ್ ಕಂಪನಿ ದೊಡ್ಡ ಪ್ರಚಾರ ನಡೆಸಿತು. ಅದೇ ಏರ್‌ಬಸ್ ಆಮೇಲೆ ಎ350ರಲ್ಲಿ ಸಾಲಿಗೆ ಹತ್ತು ಸೀಟು ಹಾಕಿಕೊಳ್ಳಲು ಬಂದವರಿಗೆ ಬೇಡ ಎನ್ನಲಿಲ್ಲ.

ನೀವು ಸಣ್ಣಗಿದ್ದೀರಿ, ಇದೆಲ್ಲ ನಿಮಗೇಕೆ ಎನ್ನಿಸಬಹುದು. ಮುಂದಿನ ಸಲ ಮೂವರು ಗಂಡಸರು, ಯಾರೂ ದಪ್ಪಗಿಲ್ಲದವರು, ಒಂದೇ ಸಾಲಿನಲ್ಲಿ ಕೂತದ್ದನ್ನು ಗಮನಿಸಿ. ಗಂಡಸರ ಭುಜದ ಅಗಲ ಸಾಮಾನ್ಯವಾಗಿ 17 ಇಂಚನ್ನು ಮೀರುತ್ತದೆ. ಆದ್ದರಿಂದ ನಡುವಿನವನು ಕೈಗಳನ್ನು ತೊಡೆಯ ಮೇಲೆ ಸೇರಿಸಿಕೊಂಡು ಮುಂದಕ್ಕೆ ಬಾಗಿರುತ್ತಾನೆ, ಹಾದಿಯ ಬದಿಯವನು ಹೊರಕ್ಕೆ ವಾಲಿ ತಿಂಡಿಯ ಗಾಡಿಯಿಂದ ಮೊಣಕೈಗೆ ಏಟು ತಿನ್ನುತ್ತಿರುತ್ತಾನೆ. ಆ ಸಾಲಿನಲ್ಲಿ ನಾನಿಲ್ಲ. ಬೈಯುವುದಕ್ಕೆ ಯಾರೂ ಸಿಗದ ಕಾರಣ ಎಲ್ಲರೂ ಸುಮ್ಮನಿರುತ್ತಾರೆ, ಅಷ್ಟೇ.

ಅಮೆರಿಕದಲ್ಲಿ ಈ ಸುಮ್ಮನಿರುವಿಕೆ ಒಮ್ಮೆ ಕೋರ್ಟಿನಲ್ಲಿ ಮುರಿಯಿತು. ಫ್ಲೈಯರ್ಸ್ ರೈಟ್ಸ್ ಎಂಬ ಪ್ರಯಾಣಿಕರ ಸಂಘಟನೆ ಎಫ್‌ಎಎ ವಿರುದ್ಧ ಹೂಡಿದ ದಾವೆಯಲ್ಲಿ 2017ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಸೀಟುಗಳು ಕಿರಿದಾಗುತ್ತಿರುವುದು ಸುರಕ್ಷತೆಗೆ ಅಡ್ಡಿಯಲ್ಲ ಎಂಬುದಕ್ಕೆ ಸರಿಯಾದ ಆಧಾರ ಕೊಡಿ ಎಂದು ಸಂಸ್ಥೆಗೆ ತಾಕೀತು ಮಾಡಿತು. ಮರುವರ್ಷ ಅಮೆರಿಕದ ಕಾಂಗ್ರೆಸ್ ಸೀಟಿನ ಕನಿಷ್ಠ ಅಳತೆ ಗೊತ್ತುಮಾಡಿ ಎಂದು ಕಾನೂನಿನಲ್ಲೇ ಬರೆದು ಒಂದು ವರ್ಷದ ಗಡುವು ಕೊಟ್ಟಿತು. ಅಪಘಾತದಲ್ಲಿ 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಬೇಕು ಎಂಬುದು ನಿಯಮ. ಕಿರಿದಾದ ಸಾಲುಗಳಿಂದ ಜನ ಬೇಗ ಹೊರಬರಬಲ್ಲರೇ ಎಂದು ನೋಡಲು ಒಕ್ಲಹೋಮ ಸಿಟಿಯಲ್ಲಿ ಪ್ರಯೋಗ ನಡೆಯಿತು. ಅದರಲ್ಲಿ ಭಾಗವಹಿಸಿದವರೆಲ್ಲ 60 ವರ್ಷದೊಳಗಿನ, ಓಡಾಡಲು ತೊಂದರೆಯಿಲ್ಲದ ವಯಸ್ಕರು. ಮಕ್ಕಳಿಲ್ಲ, ಊರುಗೋಲು ಹಿಡಿದವರಿಲ್ಲ. ವರದಿ ಬಂತು, ಸಾರ್ವಜನಿಕರ ಅಭಿಪ್ರಾಯ ಕೇಳಿದ್ದಾಯಿತು, ಸಾವಿರಾರು ಜನ ಬರೆದದ್ದೂ ಆಯಿತು. ಗಡುವು ದಾಟಿ ವರ್ಷಗಳೇ ಕಳೆದವು.

ಇನ್ನು ಎರಡನೇ ಸೀಟಿನ ಮಾತು. ‘ಒಂದರಲ್ಲಿ ಹಿಡಿಸದಿದ್ದರೆ ಎರಡು ತಗೊಳ್ಳಿ’ ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ತಗೊಂಡಿದ್ದೇನೆ. ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒಮ್ಮೆ ನಡೆದದ್ದು ಹೀಗೆ.

‘ಸರ್, ಇನ್ನೊಬ್ಬ ಪ್ಯಾಸೆಂಜರ್ ಎಲ್ಲಿ?’

‘ನಾನೇ.’

‘ಅಲ್ಲ ಸರ್, ಎರಡು ಟಿಕೆಟ್ ಇದೆಯಲ್ಲ.’

‘ಎರಡೂ ನನ್ನವೇ ಕಣಮ್ಮ.’

ಆಕೆ ಪರದೆ ನೋಡಿದಳು, ನನ್ನನ್ನು ನೋಡಿದಳು, ಅರ್ಥವಾಗಿ ಮುಖ ಕೆಂಪಾಯಿತು. ಪಾಪ, ಆ ಹುಡುಗಿಯ ತಪ್ಪೇನಿಲ್ಲ. ತೊಂದರೆ ಶುರುವಾದದ್ದು ಆಮೇಲೆ. ಒಂದು ಸೀಟು ಒಂಬತ್ತನೇ ಸಾಲಿನಲ್ಲಿ, ಇನ್ನೊಂದು ಹದಿನಾಲ್ಕನೆಯದರಲ್ಲಿ. ನನ್ನನ್ನು ಎರಡು ತುಂಡು ಮಾಡಿ ಕೂರಿಸುವ ಯೋಚನೆ ಕಂಪ್ಯೂಟರಿನದು. ಮೇಲ್ವಿಚಾರಕರು ಬಂದು ಸರಿ ಮಾಡುವ ಹೊತ್ತಿಗೆ ನನ್ನ ಹಿಂದಿನ ಸರತಿ ಕಂಬದ ಆಚೆ ಹೋಗಿತ್ತು, ಅದರಲ್ಲಿದ್ದವರಿಗೆಲ್ಲ ನನ್ನ ಸೀಟಿನ ಕತೆ ಗೊತ್ತಾಗಿತ್ತು. ಒಳಗೆ ಹೋದ ಮೇಲೆ ಖಾಲಿ ಸೀಟು ಕಂಡು ‘ಇಲ್ಲಿ ಯಾರಾದ್ರೂ ಇದಾರಾ?’ ಎಂದು ಕೇಳಿದವರಿಗೆ ಏನು ಹೇಳಿದೆ ಎಂಬುದು ಬೇಡ.

ತಮಾಷೆಯೆಂದರೆ, ಇದಕ್ಕೆ ವ್ಯವಸ್ಥೆ ಇಲ್ಲವೆಂದಲ್ಲ. ಒಬ್ಬರೇ ಎರಡು ಸೀಟು ಕೊಂಡರೆ ಎರಡನೆಯದರ ಹೆಸರಿನ ಜಾಗದಲ್ಲಿ ಇಎಕ್ಸ್‌ಎಸ್‌ಟಿ ಎಂಬ ಸಂಕೇತ ಹಾಕುವುದು ವಿಮಾನಯಾನದಲ್ಲಿ ಹಳೆಯ ರೂಢಿ. ಚೆಲ್ಲೊದಂಥ ದೊಡ್ಡ ವಾದ್ಯಕ್ಕೆ ಪ್ರತ್ಯೇಕ ಸೀಟು ಕೊಳ್ಳುವವರಿಗೆ ಸಿಬಿಬಿಜಿ ಎಂಬ ಬೇರೊಂದು ಸಂಕೇತವೂ ಇದೆ. ವಾದ್ಯ ಕಿಟಕಿ ಪಕ್ಕ ಬೆಲ್ಟ್ ಕಟ್ಟಿಕೊಂಡು ಆರಾಮಾಗಿ ಹೋಗುತ್ತದೆ. ಸಂಜೆ ಊಟ ಬಿಡು ಎಂದು ಅದಕ್ಕೆ ಯಾರೂ ಹೇಳುವುದಿಲ್ಲ.

ಡಲ್ಲಾಸಿನಲ್ಲೇ ಪ್ರಧಾನ ಕಚೇರಿ ಇರುವ ಸೌತ್‌ವೆಸ್ಟ್ ಸಂಸ್ಥೆಯ ನಿಯಮ ಈ ವಿಷಯದಲ್ಲಿ ಬಹಳ ಕಾಲ ಹೆಸರು ಮಾಡಿತ್ತು. ಆರ್ಮ್‌ರೆಸ್ಟೇ ಗಡಿ, ಅದನ್ನು ದಾಟುವ ಮೈಯಿದ್ದರೆ ಎರಡನೇ ಸೀಟನ್ನು ಮೊದಲೇ ಕೊಂಡು ಪ್ರಯಾಣ ಮುಗಿದ ಮೇಲೆ ದುಡ್ಡು ವಾಪಸ್ ಪಡೆಯಬಹುದಿತ್ತು, ಇಲ್ಲವೇ ಗೇಟಿನಲ್ಲೇ ಕೇಳಿ ಉಚಿತವಾಗಿ ಪಡೆಯಬಹುದಿತ್ತು. ಆ ನಿಯಮವೂ ಪೂರ್ತಿ ಹೂವಿನ ಹಾಸಿಗೆಯಾಗಿರಲಿಲ್ಲ. 2010ರ ಫೆಬ್ರುವರಿಯಲ್ಲಿ ಸಿನಿಮಾ ನಿರ್ದೇಶಕ ಕೆವಿನ್ ಸ್ಮಿತ್ ಅವರನ್ನು ಓಕ್‌ಲೆಂಡಿನಿಂದ ಬರ್‌ಬ್ಯಾಂಕಿಗೆ ಹೊರಟಿದ್ದ ವಿಮಾನದಿಂದ ಕೂತ ಮೇಲೆ ಇಳಿಸಿದರು. ಅವರು ಎರಡು ಸೀಟು ಕೊಂಡದ್ದು ಆಮೇಲಿನ ವಿಮಾನಕ್ಕೆ. ಬೇಗ ಹೋಗೋಣವೆಂದು ಮುಂಚಿನದನ್ನು ಹತ್ತಿದಾಗ ಒಂದೇ ಸೀಟು ಸಿಕ್ಕಿತ್ತು. ಎರಡೂ ಆರ್ಮ್‌ರೆಸ್ಟ್ ಇಳಿಸಿ ಕೂತಿದ್ದೆ ಎಂದು ಅವರು ಟ್ವಿಟರಿನಲ್ಲಿ ಹರಿಹಾಯ್ದರು, ಸಂಸ್ಥೆ ಕ್ಷಮೆ ಕೇಳಿತು. ಅವರು ಪ್ರಸಿದ್ಧರು, ಹಾಗಾಗಿ ಕ್ಷಮೆ ಸಿಕ್ಕಿತು. ಬೇರೆಯವರು ಬ್ಯಾಗ್ ಎತ್ತಿಕೊಂಡು ಇಳಿದು ಹೋಗುತ್ತಾರೆ.

ಆ ನಿಯಮವನ್ನೂ ಈಗ ಬಿಗಿ ಮಾಡಿದ್ದಾರೆ. ಐವತ್ತಕ್ಕೂ ಹೆಚ್ಚು ವರ್ಷ ಸೌತ್‌ವೆಸ್ಟಿನಲ್ಲಿ ಸೀಟ್ ನಂಬರ್ ಇರಲಿಲ್ಲ, ಮೊದಲು ಹತ್ತಿದವರು ಬೇಕಾದಲ್ಲಿ ಕೂರುತ್ತಿದ್ದರು. ಆ ಪದ್ಧತಿ ಬಿಟ್ಟು ನಂಬರ್ ಕೊಡಲು ಶುರುಮಾಡುವ 2026ರ ಜನವರಿ 27ರಿಂದಲೇ ಎರಡನೇ ಸೀಟನ್ನು ಮುಂಚಿತವಾಗಿ ಕೊಳ್ಳಬೇಕು ಎಂದು 2025ರ ಆಗಸ್ಟಿನಲ್ಲಿ ಪ್ರಕಟಿಸಿದರು. ದುಡ್ಡು ವಾಪಸ್ ಸಿಗಬೇಕಾದರೆ ಹೊರಡುವಾಗ ಆ ವಿಮಾನದಲ್ಲಿ ಒಂದಾದರೂ ಸೀಟು ಖಾಲಿ ಇರಬೇಕು, ಎರಡೂ ಟಿಕೆಟ್ ಒಂದೇ ದರ್ಜೆಯದಾಗಿರಬೇಕು, 90 ದಿನದೊಳಗೆ ಕೇಳಿರಬೇಕು. ಕೊಳ್ಳದೆ ಬಂದವರು ನಿಲ್ದಾಣದಲ್ಲಿ ಆ ದಿನದ ಬೆಲೆಗೆ ಕೊಳ್ಳಬೇಕು, ವಿಮಾನ ತುಂಬಿದ್ದರೆ ಮುಂದಿನದಕ್ಕೆ ಕಾಯಬೇಕು. ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ಒಂದು ತರ್ಕವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅಕ್ಕನ ಮಗಳ ಮದುವೆಗೆ ಹೋಗುವವನು ಟಿಕೆಟ್ ಬೆಲೆ ಎಷ್ಟಾಯಿತು ಎಂದು ತಿಳಿಯಲು ಮದುವೆ ಮುಗಿಸಿ ಬರುವ ತನಕ ಕಾಯಬೇಕು ಎಂದರೆ ಅದು ದರಪಟ್ಟಿಯಲ್ಲ, ಲಾಟರಿ. ಕಾನೂನಿನ ಆಸರೆಯೂ ಇಲ್ಲ. ಅಮೆರಿಕದಲ್ಲಿ ಅಂಗವಿಕಲ ಪ್ರಯಾಣಿಕರ ಹಕ್ಕುಗಳನ್ನು ಹೇಳುವ ನಿಯಮದಲ್ಲೇ, ಒಂದು ಟಿಕೆಟಿಗೆ ಒಂದಕ್ಕಿಂತ ಹೆಚ್ಚು ಸೀಟು ಕೊಡಬೇಕಾಗಿಲ್ಲ ಎಂದು ಬರೆದಿದ್ದಾರೆ.

ಗಡಿ ದಾಟಿದರೆ ಮಾತು ಬೇರೆ. ಕೆನಡಾದ ಸಾರಿಗೆ ನ್ಯಾಯಮಂಡಳಿ 2008ರ ಜನವರಿಯಲ್ಲಿ ‘ಒಬ್ಬರಿಗೆ ಒಂದೇ ದರ’ ಎಂಬ ತೀರ್ಪು ಕೊಟ್ಟಿತು. ಸಹಾಯಕರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೂ, ಬೊಜ್ಜಿನಿಂದಾಗಿ ಒಂದು ಸೀಟಿನಲ್ಲಿ ಕೂರಲಾಗದವರಿಗೂ ದೇಶದೊಳಗಿನ ಪ್ರಯಾಣದಲ್ಲಿ ಎರಡನೇ ಸೀಟಿಗೆ ದುಡ್ಡು ಕೇಳುವಂತಿಲ್ಲ. ಏರ್ ಕೆನಡಾ, ವೆಸ್ಟ್‌ಜೆಟ್ ಸುಪ್ರೀಂ ಕೋರ್ಟಿನ ತನಕ ಹೋದವು, ಕೋರ್ಟ್ ಅರ್ಜಿಯನ್ನೇ ಎತ್ತಿಕೊಳ್ಳಲಿಲ್ಲ, ತೀರ್ಪು 2009ರ ಜನವರಿಯಿಂದ ಜಾರಿಗೆ ಬಂತು. ಸುಮ್ಮನೆ ದಪ್ಪ ಇದ್ದರೆ ಸಾಲದು, ಬೊಜ್ಜು ಅಂಗವೈಕಲ್ಯದ ಮಟ್ಟಕ್ಕೆ ಹೋಗಿರಬೇಕು. ಕೆನಡಾದಿಂದ ಹೊರಗೆ ಹಾರುವ ವಿಮಾನಗಳಿಗೆ ಇದು ಅನ್ವಯಿಸುವುದಿಲ್ಲ. ನಿಮಗೆ ಹೇಳಬೇಕಾದದ್ದು ಖರ್ಚಿನ ಲೆಕ್ಕ. ಇದರ ಭಾರವನ್ನು ಎಲ್ಲರ ಟಿಕೆಟಿಗೆ ಹಂಚಿದರೆ ಏರ್ ಕೆನಡಾದಲ್ಲಿ ತಲಾ 77 ಸೆಂಟ್, ವೆಸ್ಟ್‌ಜೆಟ್‌ನಲ್ಲಿ 44 ಸೆಂಟ್ ಎಂದು ನ್ಯಾಯಮಂಡಳಿಯೇ ಅಂದಾಜು ಮಾಡಿತ್ತು. ಒಂದು ಡಾಲರಿಗೂ ಕಡಿಮೆ.

‘ತೂಕ ಹೆಚ್ಚಿದ್ದರೆ ಇಂಧನ ಹೆಚ್ಚು ಖರ್ಚಾಗುತ್ತೆ, ಲಗೇಜಿಗೆ ಕೊಡುವ ಹಾಗೆ ಮೈಗೂ ಕೊಡಿ’ ಎಂದು ವಾದಿಸಿದವರು ನಿಮ್ಮಲ್ಲೇ ಒಬ್ಬರು. ಪೆಸಿಫಿಕ್ ದ್ವೀಪಗಳ ಸಮೋವಾ ಏರ್ ಎಂಬ ಪುಟ್ಟ ಸಂಸ್ಥೆ ಕಿಲೊ ಲೆಕ್ಕದಲ್ಲಿ ಟಿಕೆಟ್ ಮಾರಿ 2013ರಲ್ಲಿ ಜಗತ್ತಿಗೆಲ್ಲ ಸುದ್ದಿಯಾಯಿತು. ಅವರದ್ದು ಹತ್ತು ಜನ ಹಿಡಿಸುವ ವಿಮಾನ. ಅಂಥ ಸಣ್ಣ ವಿಮಾನದಲ್ಲಿ ತೂಕ ನಿಜಕ್ಕೂ ಜೀವದ ಪ್ರಶ್ನೆ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ನಗರದಲ್ಲಿ ಏರ್ ಮಿಡ್‌ವೆಸ್ಟಿನ ಪುಟ್ಟ ವಿಮಾನ ಮೇಲೇರುತ್ತಲೇ ಬಿದ್ದು 21 ಜನ ತೀರಿಕೊಂಡರು. ರಿಪೇರಿಯಲ್ಲಾದ ತಪ್ಪಿನ ಜೊತೆಗೆ ಹಿಂಭಾಗದ ಭಾರವೂ ಕಾರಣವಾಗಿತ್ತು. ಪ್ರಯಾಣಿಕರ ಸರಾಸರಿ ತೂಕವೆಂದು ಹಿಡಿದಿದ್ದ ಅಂಕಿ ಹಳೆಯದಾಗಿತ್ತು. ಆಮೇಲೆ ಎಫ್‌ಎಎ ಆ ಅಂಕಿಯನ್ನು 10 ಪೌಂಡ್ ಏರಿಸಿತು. ಆದರೆ ತೂಕ ಬೇರೆ, ಅಗಲ ಬೇರೆ. ಆರೂವರೆ ಅಡಿಯ ಬ್ಯಾಸ್ಕೆಟ್‌ಬಾಲ್ ಆಟಗಾರ ನನ್ನಷ್ಟೇ ತೂಗಬಹುದು. ಅವನ ಪಕ್ಕ ಕೂತವರು ಸೆಲ್ಫಿ ಕೇಳುತ್ತಾರೆ.

ನಮ್ಮ ದೇಶದಲ್ಲಿ ಈ ವಿಷಯ ಇನ್ನೂ ನಗೆಚಾಟಿಕೆಯ ಹಂತದಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಬೊಜ್ಜು ಇಲ್ಲ, ಹಾಗಾಗಿ ಕೆನಡಾದ ದಾರಿ ಇಲ್ಲಿ ನೇರವಾಗಿ ತೆರೆಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹತ್ತರಲ್ಲಿ ಮೂವರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅವರಲ್ಲಿ ಬಹುಪಾಲು ಜನ ಈಗಿನ ಸೀಟಿನಲ್ಲಿ ಹಿಡಿಸುತ್ತಾರೆ, ಸರಿ. ಹಿಡಿಸದವರಿಗೆ ದಾರಿ ಮಾಡುವುದು ಕಷ್ಟವೇನಲ್ಲ ಎಂಬುದನ್ನು ಕೋವಿಡ್ ಕಾಲವೇ ತೋರಿಸಿದೆ. 2020ರ ಜುಲೈನಲ್ಲಿ ಇಂಡಿಗೊ ಒಬ್ಬರೇ ಎರಡು ಸೀಟು ಕಾಯ್ದಿರಿಸುವ ಸೌಲಭ್ಯ ತಂದಿತು, ಎರಡನೆಯದಕ್ಕೆ ಮೂಲ ದರದ ಶೇಕಡ 25ರವರೆಗೆ ಮಾತ್ರ. ಸೋಂಕಿಗೆ ಹೆದರಿದವರಿಗೆ ಪಕ್ಕದ ಸೀಟನ್ನು ಕಾಲು ಬೆಲೆಗೆ ಕೊಡಲು ಬಂದಿತ್ತು ಎಂದಾದರೆ, ಬೇಕೆಂದರೆ ಬರುತ್ತದೆ ಎಂದಾಯಿತು.

ಕೆಎಸ್‌ಆರ್‌ಟಿಸಿ ಬಸ್ಸಿಗೆ ಟಿಕೆಟ್ ತೆಗೆಯುವಾಗ ಕೆಂಪು ಬಸ್ಸು 3+2, ರಾಜಹಂಸ 2+2 ಎಂದು ಹಳ್ಳಿಯ ಅಜ್ಜಿಗೂ ಗೊತ್ತು. ಅದಕ್ಕೆ ತಕ್ಕಂತೆ ದುಡ್ಡು ಕೊಡುತ್ತೇವೆ, ಅದಕ್ಕೆ ತಕ್ಕಂತೆ ಸರಿದು ಕೂರುತ್ತೇವೆ. ಐವತ್ತು ಸಾವಿರದ ವಿಮಾನದ ಟಿಕೆಟ್ ಕೊಳ್ಳುವಾಗ ಮಾತ್ರ ಸೀಟಿನ ಅಗಲ ಎಷ್ಟು ಎಂದು ಬೆಲೆಯ ಪಕ್ಕದಲ್ಲಿ ಕಾಣುವುದಿಲ್ಲ. ಬ್ಯಾಗಿನ ಉದ್ದ, ಅಗಲ, ಎತ್ತರ ಮೂರೂ ಕಾಣುತ್ತವೆ.

ನಿಮ್ಮಿಂದ ನನಗೆ ಬೇಕಾದದ್ದು ಕನಿಕರವಲ್ಲ. ಇಕ್ಕಟ್ಟಾದರೆ ಖಂಡಿತ ಹೇಳಿ, ಆದರೆ ಫೋಟೊ ತೆಗೆದು ಮಿತ್ರರ ಗುಂಪಿಗೆ ಕಳಿಸುವ ಬದಲು ಸಿಬ್ಬಂದಿಯನ್ನು ಕರೆದು ‘ಎಲ್ಲಾದರೂ ಸೀಟು ಖಾಲಿ ಇದ್ದರೆ ನಮ್ಮಿಬ್ಬರಲ್ಲಿ ಒಬ್ಬರನ್ನು ಕಳಿಸಿ’ ಎಂದು ಮೆಲ್ಲಗೆ ಕೇಳಿ. ನಾನೇ ಎದ್ದು ಹೋಗಲು ಸಿದ್ಧ. ಇಳಿದ ಮೇಲೆ ದೂರು ಬರೆಯಿರಿ, ದಯವಿಟ್ಟು ಬರೆಯಿರಿ. ನಾನು ಬರೆದರೆ ದಪ್ಪಗಿರುವವನ ಗೋಳು ಎಂದು ಬದಿಗಿಡುತ್ತಾರೆ. ಸಣ್ಣಗಿರುವ ನೀವು ಬರೆದರೆ ಓದುತ್ತಾರೆ, ಸಂಖ್ಯೆಯಲ್ಲಿ ನೀವೇ ಹೆಚ್ಚು. ವಿಮಾನದ ಮಾದರಿ, ಸೀಟ್ ನಂಬರ್, ಸಾಲಿಗೆ ಎಷ್ಟು ಸೀಟು ಎಂಬುದನ್ನು ಹಾಕಿ. ಟಿಕೆಟ್ ಮಾರುವ ಪುಟದಲ್ಲೇ ಸೀಟಿನ ಅಗಲವನ್ನು ಇಂಚಿನಲ್ಲಿ ತೋರಿಸಿ, ಎರಡನೇ ಸೀಟಿಗೆ ಮೊದಲೇ ಗೊತ್ತಿರುವ ಒಂದು ಬೆಲೆ ಇಡಿ, ಎರಡನ್ನೂ ಅಕ್ಕಪಕ್ಕದಲ್ಲಿ ಕೊಡಿ ಎಂದು ಕೇಳಿ. ಭಾರತದಲ್ಲಾದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್ಲಿಗೆ, ಅಮೆರಿಕದಲ್ಲಾದರೆ ಸಾರಿಗೆ ಇಲಾಖೆಗೆ ಕಳಿಸಿ. ಬರೆಯಲು ಹತ್ತು ನಿಮಿಷ ಸಾಕು.

ಇಂತಿ,
ನಿಮ್ಮ ಸಹಪ್ರಯಾಣಿಕ